ಹೆಂಡತಿಯ ಮುತ್ತಜ್ಜ ಹುಟ್ಟಿದ್ದು ಯಾವ ದೇಶದಲ್ಲಿ? ಲಿವ್‌ಲ್ಯಾಂಡ್ ಪ್ರಾಂತದ ಮೂರು ಕಾಗದಗಳು

ಓದುಗರ ಪ್ರಶ್ನೆ:

"ನಾನು ಹುಬ್ಬಳ್ಳಿ ಕಡೆಯವನು. ಕೆಲಸ ಎಸ್ಟೋನಿಯಾದ ಟಾಲಿನ್‌ನಲ್ಲಿ. ಹೆಂಡತಿ ಇಲ್ಲಿಯವಳೇ. ಮಗಳಿಗೆ ಶಾಲೆಯಲ್ಲಿ ವಂಶವೃಕ್ಷ ಬರೆಯಲು ಕೊಟ್ಟಿದ್ದಾರೆ. ಹೆಂಡತಿಯ ಮುತ್ತಜ್ಜನ ಮೂರು ಕಾಗದ ಮನೆಯಲ್ಲಿ ಸಿಕ್ಕಿವೆ. ಒಂದು ಚರ್ಚಿನದು, ಜರ್ಮನ್ ಭಾಷೆಯಲ್ಲಿದೆ. ಹುಟ್ಟಿದ್ದು 1869ರ ಮಾರ್ಚ್ 3, ಜಾಗ ಲಿವ್‌ಲ್ಯಾಂಡ್, ವೆರ್ರೊ ಜಿಲ್ಲೆ, ರೌಗೆ ಚರ್ಚು ಅಂತಿದೆ. ಇನ್ನೊಂದು 1895ರಲ್ಲಿ ಸೈನ್ಯದಿಂದ ಬಿಟ್ಟಾಗ ಕೊಟ್ಟದ್ದು, ರಷ್ಯನ್ ಭಾಷೆಯಲ್ಲಿದೆ. ಅದರಲ್ಲಿ 'ಲಿಫ್ಲ್ಯಾಂಡ್ ಗುಬೇರ್ನಿಯಾದ ರೈತ' (ಅಂದರೆ ಲಿವ್‌ಲ್ಯಾಂಡ್ ಪ್ರಾಂತದ ರೈತ) ಎಂದು ಬರೆದಿದ್ದಾರೆ. ಮೂರನೆಯದು 1930ರ ದಶಕದ ಎಸ್ಟೋನಿಯಾ ಗುರುತಿನ ಪತ್ರ. ಅದರ ಪ್ರಕಾರ ಹುಟ್ಟಿದ್ದು ಮಾರ್ಚ್ 15. ಅಡ್ಡಹೆಸರೂ ಬೇರೆ! ಲಿವ್‌ಲ್ಯಾಂಡ್‌ಗೆ ರಾಜಧಾನಿ ರೀಗಾ ಅಂತೆ. ಹಾಗಾದರೆ ಅವರು ಲಾಟ್ವಿಯಾದವರೇ? ರಷ್ಯನ್ನರೇ? ಲಿವ್ ಎಂಬ ಬೇರೆ ಜನಾಂಗವಿತ್ತಂತೆ, ಅವರೇ? ಅತ್ತೆಯವರು ಹೇಳುವ ಪ್ರಕಾರ ಮುತ್ತಜ್ಜನ ಅಪ್ಪ 1861ರವರೆಗೆ ಜೀತದಲ್ಲಿದ್ದರು. ನಾನು ಬಳಸುವ ವಂಶವೃಕ್ಷದ ಸಾಫ್ಟ್‌ವೇರ್ ಒಂದೇ ದೇಶ ಆರಿಸು ಎನ್ನುತ್ತದೆ. ನನ್ನ ಅಜ್ಜನ ಶಾಲೆ ದಾಖಲೆಯಲ್ಲಿ 'ಮುಂಬಯಿ ಪ್ರಾಂತ, ಧಾರವಾಡ ಜಿಲ್ಲೆ' ಅಂತ ಇದೆ. ಇದೂ ಹಾಗೇನಾ? ಮುಂದೆ ಹುಡುಕಬೇಕೆಂದರೆ ರೀಗಾಕ್ಕೆ ಬರೆಯಬೇಕೋ, ಎಸ್ಟೋನಿಯಾದಲ್ಲೇ ಸಿಗುತ್ತದೋ, ಮಾಸ್ಕೋನೋ?"

ಉತ್ತರ:

ಮೊದಲು ಒಂದು ಸಮಾಧಾನದ ಮಾತು. ನೀವು ಹೇಳಿದ್ದರ ಮೇಲೆ ನೋಡಿದರೆ ಮೂರೂ ಕಾಗದ ಸರಿಯಾಗಿಯೇ ಇವೆ. ಒಂದಕ್ಕೊಂದು ಜಗಳವಿಲ್ಲ. ಮನುಷ್ಯ ಒಬ್ಬನೇ, ಊರೂ ಒಂದೇ. ಬರೆದುಕೊಟ್ಟ ಕಚೇರಿಗಳು ಮಾತ್ರ ಮೂರು. ಲಿವ್‌ಲ್ಯಾಂಡ್ ಪ್ರಾಂತದ ಇತಿಹಾಸದಲ್ಲಿ ಜನ ಎಡವುವುದು ಇಲ್ಲೇ. ಕಾಗದದ ಭಾಷೆ ನೋಡಿ ಮನುಷ್ಯನ ಭಾಷೆ ಊಹಿಸುತ್ತಾರೆ. ಆ ಭಾಷೆಯಿಂದ ತಿಳಿಯುವುದು ಆ ವರ್ಷ ಕಚೇರಿ ಯಾರ ಕೈಯಲ್ಲಿತ್ತು ಎಂಬುದಷ್ಟೇ.

ತಾರೀಖಿನ ವಿಷಯ ಸಣ್ಣದು, ಮೊದಲು ಮುಗಿಸೋಣ. ರಷ್ಯಾ 1918ರವರೆಗೆ ಹಳೆಯ ಜೂಲಿಯನ್ ಕ್ಯಾಲೆಂಡರ್ ಬಳಸುತ್ತಿತ್ತು. 19ನೇ ಶತಮಾನದಲ್ಲಿ ಅದು ನಮ್ಮ ಕ್ಯಾಲೆಂಡರಿಗಿಂತ 12 ದಿನ ಹಿಂದಿತ್ತು, 20ನೇ ಶತಮಾನದಲ್ಲಿ 13 ದಿನ. ಮಾರ್ಚ್ 3ಕ್ಕೆ 12 ಸೇರಿಸಿ, ಮಾರ್ಚ್ 15 ಬಂತು. ಸ್ವತಂತ್ರ ಎಸ್ಟೋನಿಯಾದ ಗುಮಾಸ್ತ ಹೊಸ ಲೆಕ್ಕಕ್ಕೆ ತಿರುಗಿಸಿ ಬರೆದಿದ್ದಾನೆ. ನೀವು ಮತ್ತೆ ತಿರುಗಿಸಲು ಹೋಗಬೇಡಿ. ಎರಡು ಸಲ ಸೇರಿಸಿ ಮಾರ್ಚ್ 27 ಮಾಡಿಟ್ಟ ವಂಶವೃಕ್ಷಗಳನ್ನು ನಾನು ಸಾಕಷ್ಟು ನೋಡಿದ್ದೇನೆ.

ಇನ್ನು ರೀಗಾ ಪ್ರಶ್ನೆ. ರೀಗಾ ರಾಜಧಾನಿಯಾಗಿತ್ತು, ಈಗ ಅದು ಲಾಟ್ವಿಯಾದಲ್ಲಿದೆ ಅನ್ನುವುದು ನಿಜ. ಆದರೆ ಅಷ್ಟಕ್ಕೇ ಲಿವ್‌ಲ್ಯಾಂಡ್ ಅಂದರೆ ಲಾಟ್ವಿಯಾ ಅನ್ನುವುದು ತಪ್ಪು. ರಷ್ಯನ್ ಸಾಮ್ರಾಜ್ಯದ ಈ ಪ್ರಾಂತ ಸುಮಾರು 47,000 ಚದರ ಕಿಲೋಮೀಟರ್ ಇತ್ತು. ಈಗಿನ ಇಡೀ ಎಸ್ಟೋನಿಯಾಕ್ಕಿಂತ ಸ್ವಲ್ಪ ದೊಡ್ಡದು. ಅದರಲ್ಲಿ ಒಂಬತ್ತು ಜಿಲ್ಲೆಗಳು. ದಕ್ಷಿಣದ ನಾಲ್ಕು, ಅಂದರೆ ರೀಗಾ, ವೋಲ್ಮರ್, ವೆಂಡೆನ್, ವಾಲ್ಕ್, ಹೆಚ್ಚಾಗಿ ಲಾಟ್ವಿಯನ್ ಮಾತಾಡುವ ರೈತರವು. ಉತ್ತರದ ಐದು, ಅಂದರೆ ದೊರ್ಪಾಟ್, ವೆರ್ರೊ, ಫೆಲ್ಲಿನ್, ಪೆರ್ನಾವ್ ಮತ್ತು ಓಸೆಲ್ ದ್ವೀಪ, ಎಸ್ಟೋನಿಯನ್ ಮಾತಾಡುವ ರೈತರವು. ಇವೆಲ್ಲ ಜರ್ಮನ್ ಹೆಸರುಗಳು. ಈಗಿನ ನಕ್ಷೆಯಲ್ಲಿ ದೊರ್ಪಾಟ್ ತಾರ್ತು ಆಗಿದೆ, ಫೆಲ್ಲಿನ್ ವಿಲ್ಯಾಂಡಿ, ಪೆರ್ನಾವ್ ಪ್ಯಾರ್ನು, ಓಸೆಲ್ ಸಾರೆಮಾ. ನಿಮ್ಮ ವೆರ್ರೊ ಈಗಿನ ವೋರು. ರೌಗೆ ಅದರ ದಕ್ಷಿಣಕ್ಕಿದೆ, ಲಾಟ್ವಿಯಾ ಗಡಿಯ ಕಡೆಗೆ. 1897ರ ಜನಗಣತಿಯಲ್ಲಿ ಪ್ರಾಂತದ ಜನಸಂಖ್ಯೆ ಸುಮಾರು 13 ಲಕ್ಷ. ಲಾಟ್ವಿಯನ್ ಮತ್ತು ಎಸ್ಟೋನಿಯನ್ ಮಾತಾಡುವವರು ಹೆಚ್ಚುಕಡಿಮೆ ಸರಿಸಮ, ತಲಾ ನೂರಕ್ಕೆ 40ರ ಆಸುಪಾಸು. ಜರ್ಮನ್ನರು ನೂರಕ್ಕೆ 8ಕ್ಕಿಂತ ಕಡಿಮೆ. ರಷ್ಯನ್ನರು ಅದಕ್ಕಿಂತಲೂ ಕಡಿಮೆ.

ಲಿವ್ ಜನಾಂಗದ ಅನುಮಾನವನ್ನೂ ಬಿಡಬಹುದು. ಪ್ರಾಂತದ ಹೆಸರು ಆ ಜನರಿಂದ ಬಂದದ್ದು ಹೌದು. ಎಸ್ಟೋನಿಯನ್‌ಗೆ ಹತ್ತಿರದ ಭಾಷೆಯನ್ನಾಡುತ್ತಿದ್ದ ಕಡಲ ತೀರದ ಸಣ್ಣ ಜನಾಂಗ ಅದು. ಆದರೆ ಮುತ್ತಜ್ಜ ಹುಟ್ಟುವ ಹೊತ್ತಿಗೆ ಉಳಿದಿದ್ದ ಲಿವ್ ಹಳ್ಳಿಗಳು ಪಕ್ಕದ ಕೂರ್‌ಲ್ಯಾಂಡ್ ಪ್ರಾಂತದಲ್ಲಿದ್ದವು. ಹೆಸರು ಕೊಟ್ಟ ಜನರೇ ಆ ಹೆಸರಿನ ಪ್ರಾಂತದಲ್ಲಿ ಉಳಿದಿರಲಿಲ್ಲ! ಲಿವ್ ಮಾತೃಭಾಷೆಯಾಗಿದ್ದ ಕೊನೆಯ ವ್ಯಕ್ತಿ 2013ರಲ್ಲಿ ಕೆನಡಾದಲ್ಲಿ ತೀರಿಕೊಂಡರು. ರೌಗೆಯ ಲೂಥರನ್ (ಪ್ರೊಟೆಸ್ಟೆಂಟ್ ಕ್ರೈಸ್ತ) ರೈತ ಕುಟುಂಬಕ್ಕೂ ಅವರಿಗೂ ಸಂಬಂಧ ಹುಡುಕುವುದು ಸುಮ್ನೆ ದಾರಿ ತಪ್ಪಿದಂತೆ.

ಹಾಗಾದರೆ ರಷ್ಯಾದ ಪ್ರಾಂತದಲ್ಲಿ ಜರ್ಮನ್ ಕಾಗದ ಯಾಕೆ? ಇದಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

1700ರಲ್ಲಿ ಶುರುವಾದ ದೊಡ್ಡ ಯುದ್ಧದಲ್ಲಿ ರಷ್ಯಾದ ಮೊದಲನೇ ಪೀಟರ್ ಈ ಸೀಮೆಯನ್ನು ಸ್ವೀಡನ್ನಿನಿಂದ ಕಿತ್ತುಕೊಂಡ. ರೀಗಾ ಶರಣಾದದ್ದು 1710ರಲ್ಲಿ. ಬರೀ ಕತ್ತಿಯ ಬಲದಿಂದ ಗೆದ್ದ ಕಥೆ ಇದಲ್ಲ. ಇಲ್ಲಿನ ಜಮೀನ್ದಾರರು ನಾನೂರು ಐನೂರು ವರ್ಷಗಳಿಂದ ನೆಲೆ ನಿಂತ ಜರ್ಮನ್ನರು. ಅವರು ಷರತ್ತು ಹಾಕಿ ಶರಣಾದರು. ನಮ್ಮ ಲೂಥರನ್ ಚರ್ಚು ಇರಬೇಕು, ನಮ್ಮ ಜರ್ಮನ್ ಭಾಷೆ ಮತ್ತು ಕಾನೂನು ಇರಬೇಕು, ಜಮೀನು ನಮ್ಮ ಕೈಯಲ್ಲೇ ಇರಬೇಕು. ಪೀಟರ್ ಒಪ್ಪಿಕೊಂಡ. 1721ರ ನಿಷ್ಟಾಡ್ ಒಪ್ಪಂದದಲ್ಲಿ ಸ್ವೀಡನ್ ಅಧಿಕೃತವಾಗಿ ಬಿಟ್ಟುಕೊಟ್ಟಿತು. ರಷ್ಯಾ 20 ಲಕ್ಷ ಬೆಳ್ಳಿ ನಾಣ್ಯವನ್ನೂ ಎಣಿಸಿಕೊಟ್ಟಿತು. ಪೀಟರ್ 1713ರಲ್ಲೇ ರೀಗಾ ಗುಬೇರ್ನಿಯಾ ಅಂತ ಮಾಡಿ, ದೂರದ ಸ್ಮೋಲೆನ್ಸ್ಕ್ ಸೀಮೆಯನ್ನೂ ಅದಕ್ಕೆ ಅಂಟಿಸಿದ್ದ. 1726ರಲ್ಲಿ ಸ್ಮೋಲೆನ್ಸ್ಕ್ ಮತ್ತೆ ಬೇರೆಯಾಯಿತು.

ಇಲ್ಲಿಂದ ಮುಂದೆ ಸುಮಾರು 170 ವರ್ಷ ಈ ಪ್ರಾಂತದಲ್ಲಿ ಎರಡು ಆಡಳಿತ ಒಂದರ ಮೇಲೊಂದು ಕೂತಿದ್ದವು. ಮೇಲೆ ಚಕ್ರವರ್ತಿ ನೇಮಿಸಿದ ಗವರ್ನರ್, ರೀಗಾದಲ್ಲಿ. ಕೆಳಗೆ ಜಮೀನ್ದಾರರ ಸಂಘ. ಅವರದೇ ಸಭೆ, ಅದರ ಹೆಸರು ಲಾಂಡ್‌ಟಾಗ್. ಅವರೇ ಆರಿಸಿದ 12 ಮಂದಿ ಹಿರಿಯ ಸಲಹೆಗಾರರು. ಹಳ್ಳಿಯ ಪೊಲೀಸ್ ಅವರದು, ಕೋರ್ಟು ಅವರದು, ಚರ್ಚಿನ ಪಾದ್ರಿಯನ್ನು ನೇಮಿಸುವುದರಲ್ಲೂ ಅವರದೇ ಕೈ. ಆ ಸಂಘ 1860ರ ದಶಕದಲ್ಲಿ ರೀಗಾದಲ್ಲಿ ಕಟ್ಟಿಸಿಕೊಂಡ ಭವನದಲ್ಲೇ ಈಗ ಲಾಟ್ವಿಯಾದ ಸಂಸತ್ತು ಸೇರುತ್ತದೆ. ಓಸೆಲ್ ದ್ವೀಪದ ಜಮೀನ್ದಾರರಿಗೆ ಇದೂ ಸಾಲದೆ ತಮ್ಮದೇ ಪ್ರತ್ಯೇಕ ಸಂಘವಿತ್ತು.

ನಿಮ್ಮ ಮುಂಬಯಿ ಪ್ರಾಂತದ ಹೋಲಿಕೆ ಅರ್ಧಕ್ಕೆ ಸರಿ. ಧಾರವಾಡದ ಕನ್ನಡಿಗ ಮುಂಬಯಿ ಪ್ರಾಂತದ ಕಾಗದದಲ್ಲಿ ಇದ್ದ ಮಾತ್ರಕ್ಕೆ ಮರಾಠಿಯವನಾಗಲಿಲ್ಲ. ಹಾಗೇ ವೆರ್ರೊದ ಎಸ್ಟೋನಿಯನ್ ರೀಗಾದ ಕಾಗದದಲ್ಲಿ ಇದ್ದ ಮಾತ್ರಕ್ಕೆ ಲಾಟ್ವಿಯನ್ ಆಗಲಿಲ್ಲ. ಅಲ್ಲಿಗೆ ಹೋಲಿಕೆ ನಿಲ್ಲುತ್ತದೆ. ಧಾರವಾಡದಲ್ಲಿ ಸರ್ಕಾರ ನೇಮಿಸಿದ ಕಲೆಕ್ಟರ್ ಜಿಲ್ಲೆ ನಡೆಸುತ್ತಿದ್ದ. ಲಿವ್‌ಲ್ಯಾಂಡಿನಲ್ಲಿ ಆ ಕೆಲಸದ ಬಹುಪಾಲು ಊರಿನ ಜಮೀನ್ದಾರರೇ ತಮ್ಮೊಳಗೆ ಹಂಚಿಕೊಂಡಿದ್ದರು. ರಷ್ಯಾದ ಗವರ್ನರ್ ಅವರನ್ನು ಕೇಳದೆ ಹೆಚ್ಚೇನೂ ಮಾಡುವಂತಿರಲಿಲ್ಲ.

ಈ ಏರ್ಪಾಡನ್ನು ಮೊದಲು ಅಲ್ಲಾಡಿಸಿದವಳು ರಷ್ಯಾದ ಚಕ್ರವರ್ತಿನಿ ಎರಡನೇ ಕ್ಯಾಥರೀನ್. ನಿಮ್ಮ ವೆರ್ರೊದ ಕಥೆ ಶುರುವಾಗುವುದೂ ಇಲ್ಲೇ. ಇಡೀ ಸಾಮ್ರಾಜ್ಯಕ್ಕೆ ಒಂದೇ ಅಳತೆಯ ಆಡಳಿತ ಬೇಕು ಅಂತ ಅವಳ ಹಟ. 1783ರಲ್ಲಿ ಲಿವ್‌ಲ್ಯಾಂಡನ್ನು 'ರೀಗಾ ನಾಮೆಸ್ತ್ನಿಚೆಸ್ತ್ವೊ' ಮಾಡಿದಳು. ನಾಲಿಗೆ ಹೊರಳದಿದ್ದರೆ ಚಿಂತೆಯಿಲ್ಲ, ಹದಿಮೂರೇ ವರ್ಷ ಬಾಳಿದ ಹೆಸರು ಅದು. ಮುಖ್ಯ ಭೂಭಾಗದಲ್ಲಿ ಹಿಂದೆ ನಾಲ್ಕೇ ದೊಡ್ಡ ಜಿಲ್ಲೆಗಳಿದ್ದವು. ಅವನ್ನು ಒಡೆದು ಎಂಟು ಮಾಡಿದರು. ದೊರ್ಪಾಟ್ ಜಿಲ್ಲೆಯ ದಕ್ಷಿಣದ ತುಂಡು ವೆರ್ರೊ ಜಿಲ್ಲೆಯಾಯಿತು. ತಮಾಷೆ ಏನೆಂದರೆ, ಜಿಲ್ಲೆ ಹುಟ್ಟಿದಾಗ ಅದಕ್ಕೊಂದು ಊರೇ ಇರಲಿಲ್ಲ. ಕಚೇರಿ ಇಡಲು ಊರು ಬೇಕಲ್ಲ! ಹಾಗಾಗಿ 1784ರ ಆಗಸ್ಟ್‌ನಲ್ಲಿ ರೀಗಾದ ಗವರ್ನರ್ ಜನರಲ್ ಜಾರ್ಜ್ ಬ್ರೌನ್ ಆದೇಶ ಹೊರಡಿಸಿ ವೆರ್ರೊ ಪಟ್ಟಣವನ್ನು ಹೊಸದಾಗಿ ಕಟ್ಟಿಸಿದ. ಈಗಲೂ ವೋರುವಿನ ಹಳೆಯ ಬೀದಿಗಳು ಗೆರೆ ಎಳೆದ ಹಾಗೆ ನೇರವಾಗಿರುವುದಕ್ಕೆ ಕಾರಣ ಅದೇ. ಸರ್ಕಾರಿ ನಕ್ಷೆ ಮೊದಲು, ಊರು ಆಮೇಲೆ. ಅಂದಹಾಗೆ ಈ ಬ್ರೌನ್ ಐರ್ಲೆಂಡಿನವನು. ಮುಂದೆ 1812ರಲ್ಲಿ ಅದೇ ಕುರ್ಚಿಯಲ್ಲಿ ಕೂತ ಪೌಲುಚ್ಚಿ ಇಟಲಿಯವನು. 'ರಷ್ಯನ್ ಆಡಳಿತ' ಅಂದಾಗ ಇದನ್ನೂ ನೆನಪಿಡಿ.

ಕ್ಯಾಥರೀನ್ ಜೊತೆಗೆ ತಲೆಗಂದಾಯವನ್ನೂ ತಂದಳು. 1784ರಲ್ಲಿ ರೈತರು ದಂಗೆ ಎದ್ದರು. ತೆರಿಗೆಯನ್ನು ನೇರ ಚಕ್ರವರ್ತಿನಿಗೆ ಕಟ್ಟುವುದಾದರೆ ಜಮೀನ್ದಾರನ ಬಿಟ್ಟಿ ಕೆಲಸ ಮಾಡಬೇಕಿಲ್ಲ ಅಂತ ಜನ ತಿಳಿದುಕೊಂಡಿದ್ದರು. ಹಾಗೇನೂ ಆಗಲಿಲ್ಲ, ಸೈನ್ಯ ಬಂತು. 1796ರಲ್ಲಿ ಅವಳು ತೀರಿಕೊಂಡ ಕೂಡಲೇ ಮಗ ಪಾವೆಲ್ ಅಮ್ಮ ಮಾಡಿದ್ದನ್ನೆಲ್ಲ ರದ್ದು ಮಾಡಲು ಹೊರಟ. ಜಮೀನ್ದಾರರ ಹಳೆಯ ಸಂಸ್ಥೆಗಳು ವಾಪಸು ಬಂದವು. 'ಲಿಫ್ಲ್ಯಾಂಡ್ ಗುಬೇರ್ನಿಯಾ' ಎಂಬ ಹೆಸರು ಖಾಯಂ ಆದದ್ದು ಆಗಲೇ. ಆದರೆ ತಲೆಗಂದಾಯ ರದ್ದಾಗಲಿಲ್ಲ. ಅದನ್ನು ಯಾವ ಮಗ ರದ್ದು ಮಾಡುತ್ತಾನೆ? ಒಡೆದ ಜಿಲ್ಲೆಗಳೂ ಹಾಗೇ ಉಳಿದವು. ಕೆಲವು ಕೆಲಸಕ್ಕೆ ಮಾತ್ರ ಹಳೆಯ ಜೋಡಿ ಜಿಲ್ಲೆಯ ಲೆಕ್ಕ ಮುಂದುವರಿಯಿತು. ವೆರ್ರೊದ ದೊಡ್ಡ ವ್ಯಾಜ್ಯಗಳು ದೊರ್ಪಾಟ್‌ನ ಕೋರ್ಟಿಗೆ ಹೋಗುತ್ತಿದ್ದವು. ಹಾಗಾಗಿ ವೆರ್ರೊದ ಹಳೆಯ ಕೇಸಿನ ಕಡತ ಹುಡುಕುವವರು ದೊರ್ಪಾಟ್ ಹೆಸರಿನ ಕಡತಗಳನ್ನು ನೋಡಬೇಕು. ಇದು ಗೊತ್ತಿಲ್ಲದೆ 'ಏನೂ ಸಿಗಲಿಲ್ಲ' ಅಂತ ವಾಪಸು ಬರುವವರು ಜಾಸ್ತಿ.

ಅತ್ತೆಯವರ 1861ರ ಮಾತಿಗೆ ಬರುತ್ತೇನೆ. 1861 ರಷ್ಯಾದ ಒಳಪ್ರಾಂತಗಳ ವರ್ಷ. ಬಾಲ್ಟಿಕ್ ಪ್ರಾಂತಗಳಲ್ಲಿ ಜೀತ ಅದಕ್ಕೂ ಸುಮಾರು ನಲವತ್ತು ವರ್ಷ ಮೊದಲೇ ಹೋಗಿತ್ತು. ಉತ್ತರಕ್ಕಿದ್ದ ಪಕ್ಕದ ಪ್ರಾಂತ ಎಸ್ಟ್‌ಲ್ಯಾಂಡಿನಲ್ಲಿ 1816, ಕೂರ್‌ಲ್ಯಾಂಡಿನಲ್ಲಿ 1817, ಲಿವ್‌ಲ್ಯಾಂಡಿನಲ್ಲಿ 1819. ಹಾಗಾಗಿ ಮುತ್ತಜ್ಜನ ಅಪ್ಪ ಕಾನೂನಿನ ಪ್ರಕಾರ ಬಹುಶಃ ಹುಟ್ಟಿನಿಂದಲೇ ಸ್ವತಂತ್ರ. ಆದರೂ ಅತ್ತೆಯವರ ಮಾತನ್ನು ಸುಳ್ಳು ಅಂತ ತಳ್ಳಿಹಾಕಬೇಡಿ. 1819ರಲ್ಲಿ ಬಿಡುಗಡೆಯಾದದ್ದು ರೈತನ ಮೈ ಮಾತ್ರ. ಭೂಮಿಯೆಲ್ಲ ಜಮೀನ್ದಾರನದೇ ಅಂತ ಅದೇ ಕಾನೂನು ಬರೆದಿಟ್ಟಿತು. ಗುತ್ತಿಗೆಗೆ ಹಣವಿಲ್ಲದ ರೈತ ವಾರದಲ್ಲಿ ಇಷ್ಟು ದಿನ ಅಂತ ಜಮೀನ್ದಾರನ ಹೊಲದಲ್ಲಿ ದುಡಿದು ತೀರಿಸಬೇಕಿತ್ತು. ಊರು ಬಿಟ್ಟು ಹೋಗಲು ಹತ್ತಾರು ತಡೆ. 1863ರ ಪಾಸ್‌ಪೋರ್ಟ್ ಕಾನೂನು ಬಂದ ಮೇಲೆ ಓಡಾಟ ಸಲೀಸಾಯಿತು. 1866ರಲ್ಲಿ ರೈತರ ಗ್ರಾಮ ಸಮಿತಿಗಳು ಜಮೀನ್ದಾರನ ಹಿಡಿತದಿಂದ ಹೊರಬಂದವು. ದುಡಿದು ಗೇಣಿ ತೀರಿಸುವ ಪದ್ಧತಿ ನಿಂತದ್ದು 1868ರಲ್ಲಿ, ಮುತ್ತಜ್ಜ ಹುಟ್ಟುವ ಹಿಂದಿನ ವರ್ಷ. ಮನೆಯಲ್ಲಿ 'ಅಪ್ಪ ಜೀತ ಮಾಡಿದ್ದರು' ಎಂಬ ಮಾತು ಉಳಿದದ್ದು ಇದರಿಂದ. ಅನುಭವ ನಿಜ. ಇಸವಿಯನ್ನು ಯಾರೋ ರಷ್ಯಾದ ಪಠ್ಯಪುಸ್ತಕದಿಂದ ತಂದು ಸೇರಿಸಿದ್ದಾರೆ. ಮಗಳ ಹಾಳೆಯಲ್ಲಿ ಅಜ್ಜಿಯ ಮಾತನ್ನು ಹಾಗೇ ಬರೆಸಿ. ಪಕ್ಕದಲ್ಲಿ 1819 ಮತ್ತು 1868 ಎರಡೂ ಇಸವಿ ಹಾಕಿಸಿ.

ಅಡ್ಡಹೆಸರಿನ ಗೊಂದಲಕ್ಕೂ 1819ರ ನಂಟಿದೆ. ಜೀತ ಹೋದ ಮೇಲೆ 1820ರ ದಶಕದಲ್ಲಿ ಲಿವ್‌ಲ್ಯಾಂಡಿನ ರೈತರಿಗೆಲ್ಲ ಅಡ್ಡಹೆಸರು ಕೊಟ್ಟರು. ಅಲ್ಲಿಯವರೆಗೆ ತೋಟದ ಹೆಸರು, ಅಪ್ಪನ ಹೆಸರು, ಇಷ್ಟೇ ಸಾಕಿತ್ತು. ಹೆಸರು ಬರೆದವರು ಜರ್ಮನ್ ಮಾತಾಡುವ ಜಮೀನ್ದಾರ ಮತ್ತು ಪಾದ್ರಿ. ಹಾಗಾಗಿ ಎಷ್ಟೋ ಎಸ್ಟೋನಿಯನ್ ರೈತರಿಗೆ ಜರ್ಮನ್ ಹೆಸರು ಬಂತು. 1930ರ ದಶಕದಲ್ಲಿ ಎಸ್ಟೋನಿಯಾ ಸರ್ಕಾರ 'ಹೆಸರನ್ನು ಎಸ್ಟೋನಿಯನ್ ಮಾಡಿಕೊಳ್ಳಿ' ಅಂತ ಅಭಿಯಾನ ನಡೆಸಿತು. ಸುಮಾರು 2 ಲಕ್ಷ ಜನ ಬದಲಾಯಿಸಿಕೊಂಡರು. ನಿಮ್ಮ ಮೂರನೇ ಕಾಗದದ ಹೊಸ ಹೆಸರಿಗೆ ಅದೇ ಕಾರಣವಿರಬೇಕು. ಜರ್ಮನ್ ಅಡ್ಡಹೆಸರು ಇತ್ತು ಅಂತ ಜರ್ಮನ್ ಪೂರ್ವಜರನ್ನು ಹುಡುಕಲು ಹೊರಡಬೇಡಿ. ಇನ್ನೊಂದು ಎಚ್ಚರಿಕೆ: ಹೆಸರು ಕೊಟ್ಟದ್ದು ಎಸ್ಟೇಟ್ ಎಸ್ಟೇಟಿಗೆ ಪ್ರತ್ಯೇಕವಾಗಿ. ಬೇರೆ ಬೇರೆ ಎಸ್ಟೇಟಿನಲ್ಲಿದ್ದ ಅಣ್ಣತಮ್ಮಂದಿರಿಗೆ ಬೇರೆ ಅಡ್ಡಹೆಸರು ಬಂದದ್ದಿದೆ. ಏನೂ ಸಂಬಂಧವಿಲ್ಲದ ಎರಡು ಮನೆಗಳಿಗೆ ಒಂದೇ ಹೆಸರು ಬಂದದ್ದೂ ಇದೆ.

1895ರ ಕಾಗದ ರಷ್ಯನ್ನಿನಲ್ಲಿರುವುದಕ್ಕೆ ನೇರ ಕಾರಣ, ಸೈನ್ಯದ ಭಾಷೆ ಅದು. 1874ರಿಂದ ಕಡ್ಡಾಯ ಸೈನ್ಯ ಸೇವೆ ಇತ್ತು. 21ನೇ ವಯಸ್ಸಿಗೆ ಚೀಟಿ ಎತ್ತಬೇಕು, ಬಂದರೆ ಮುತ್ತಜ್ಜನ ಕಾಲಕ್ಕೆ ಐದು ವರ್ಷ. 1869ರಲ್ಲಿ ಹುಟ್ಟಿದವನು 1890ರಲ್ಲಿ ಹೋಗಿ 1895ರಲ್ಲಿ ಬಂದ. ಲೆಕ್ಕ ಚೆನ್ನಾಗಿ ಕೂಡುತ್ತದೆ. ಆದರೆ ಅಷ್ಟರೊಳಗೆ ಊರಿನ ಕಚೇರಿಗಳೂ ಬದಲಾಗಿದ್ದವು. ಪೀಟರ್ ಕೊಟ್ಟ ಮಾತನ್ನು ಪ್ರತಿಯೊಬ್ಬ ಹೊಸ ಚಕ್ರವರ್ತಿ ಪಟ್ಟಕ್ಕೆ ಬಂದಾಗ ಖಾತರಿ ಮಾಡುವುದು ರೂಢಿ. 1881ರಲ್ಲಿ ಬಂದ ಮೂರನೇ ಅಲೆಕ್ಸಾಂಡರ್ ಅದನ್ನು ಮಾಡಲೇ ಇಲ್ಲ. 1882ರಲ್ಲಿ ಮನಸೇಯಿನ್ ಎಂಬ ಸೆನೆಟರ್ ತನಿಖೆಗೆ ಬಂದ. ಎಸ್ಟೋನಿಯನ್, ಲಾಟ್ವಿಯನ್ ರೈತರು ಜರ್ಮನ್ ಜಮೀನ್ದಾರರ ಮೇಲೆ ಸಾವಿರಗಟ್ಟಲೆ ಅರ್ಜಿ ಕೊಟ್ಟರು. ಆಮೇಲೆ ಒಂದೊಂದೇ ಬಂತು: ಕಚೇರಿಗಳಲ್ಲಿ ರಷ್ಯನ್, 1887ರಿಂದ ಶಾಲೆಗಳಲ್ಲಿ ರಷ್ಯನ್, 1888ರಲ್ಲಿ ಜಮೀನ್ದಾರರ ಪೊಲೀಸ್ ರದ್ದು, 1889ರಲ್ಲಿ ಅವರ ಕೋರ್ಟು ರದ್ದು. 1893ರಲ್ಲಿ ದೊರ್ಪಾಟ್ ಊರಿನ ಹೆಸರನ್ನೇ ಯೂರಿಯೆವ್ ಮಾಡಿದರು. ಚರ್ಚಿನ ದಾಖಲೆ ಪುಸ್ತಕಗಳೂ 1890ರ ದಶಕದಲ್ಲಿ ರಷ್ಯನ್ನಿಗೆ ತಿರುಗಿದವು. ಲೂಥರನ್ ಪಾದ್ರಿ, ಎಸ್ಟೋನಿಯನ್ ಮಗು, ರಷ್ಯನ್ ಬರಹ! ಮುತ್ತಜ್ಜನ ಮಕ್ಕಳ ದಾಖಲೆ ಹುಡುಕಿದರೆ ಇದೇ ಸಿಗುತ್ತದೆ, ಗಾಬರಿಯಾಗಬೇಡಿ.

ರೈತರಿಗೆ ಇದರಿಂದ ಲಾಭವಾಯಿತೇ ನಷ್ಟವಾಯಿತೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಕೋರ್ಟು ಮತ್ತು ಪೊಲೀಸ್ ಜಮೀನ್ದಾರನ ಕೈ ತಪ್ಪಿದ್ದು ದೊಡ್ಡ ವಿಷಯ, ಶಾಲೆಯಿಂದ ಮಾತೃಭಾಷೆ ಹೋದದ್ದು ದೊಡ್ಡ ಪೆಟ್ಟು. ಎರಡನ್ನೂ ಒಂದೇ ಸರ್ಕಾರ ಒಂದೇ ದಶಕದಲ್ಲಿ ಮಾಡಿತು. ಒಳಪ್ರಾಂತಗಳಿಗೆ 1864ರಲ್ಲಿ ಕೊಟ್ಟ ಚುನಾಯಿತ ಸ್ಥಳೀಯ ಸಭೆಗಳನ್ನು, ಅಂದರೆ ಜೆಮ್‌ಸ್ತ್ವೊಗಳನ್ನು, ಇಲ್ಲಿಗೆ ಕೊನೆವರೆಗೂ ಕೊಡಲಿಲ್ಲ.

ಹಾಗಾದರೆ ಅವರು ರಷ್ಯನ್ನರೇ? ಸಾಮ್ರಾಜ್ಯ ತಾನೇ ಹಾಗೆ ಹೇಳಲಿಲ್ಲ. 1897ರ ಜನಗಣತಿಯಲ್ಲಿ ರಾಷ್ಟ್ರೀಯತೆ ಎಂಬ ಪ್ರಶ್ನೆ ಇರಲಿಲ್ಲ. ಕೇಳಿದ್ದು ವರ್ಗ, ಧರ್ಮ, ಮಾತೃಭಾಷೆ. ನೀವು ಹೇಳಿದ ಹಿನ್ನೆಲೆ ನೋಡಿದರೆ ಮುತ್ತಜ್ಜನ ಸಾಲು ಹೀಗಿರುತ್ತಿತ್ತು: ರೈತ, ಲೂಥರನ್, ಎಸ್ಟೋನಿಯನ್. ಚಕ್ರವರ್ತಿಯ ಪ್ರಜೆ ಹೌದು, ರಷ್ಯನ್ ಅಲ್ಲ. ಇಲ್ಲೊಂದು ಬಲೆ ಇದೆ, ನೋಡಿ. 'ಲಿಫ್ಲ್ಯಾಂಡ್ ಗುಬೇರ್ನಿಯಾ, ವೆರ್ರೊ ಜಿಲ್ಲೆಯ ರೈತ' ಎಂಬ ಸಾಲು ವಾಸದ ವಿಳಾಸ ಅಲ್ಲ, ಹುಟ್ಟಿದ ಜಾಗವೂ ಅಲ್ಲ. ಆ ಮನೆತನ ಯಾವ ಗ್ರಾಮ ಸಮಿತಿಯ ಪಟ್ಟಿಗೆ ಸೇರಿದೆ ಎಂಬ ನೋಂದಣಿ ಅದು. ರೀಗಾದ ಕಾರ್ಖಾನೆಯಲ್ಲೋ ಪೀಟರ್ಸ್‌ಬರ್ಗ್‌ನಲ್ಲೋ ಹುಟ್ಟಿ ಬೆಳೆದವರನ್ನೂ ಹೀಗೇ ಬರೆಯುತ್ತಿದ್ದರು. ನಿಮ್ಮ ಬಳಿ ಚರ್ಚಿನ ಕಾಗದ ಇರುವುದರಿಂದ ರೌಗೆ ಗಟ್ಟಿಯಾಯಿತು. ಸೈನ್ಯದ ಕಾಗದ ಒಂದೇ ಇದ್ದಿದ್ದರೆ ಹುಟ್ಟೂರು ಅದೇ ಅಂತ ನಾನು ಹೇಳುತ್ತಿರಲಿಲ್ಲ.

ಪ್ರಾಂತ ಒಡೆದದ್ದು ಹೇಗೆ ಅನ್ನುವುದನ್ನೂ ಚುಟುಕಾಗಿ ಹೇಳುತ್ತೇನೆ. ಜನರಾಡುವ ಭಾಷೆಯ ಗೆರೆಯ ಮೇಲೆ ಲಿವ್‌ಲ್ಯಾಂಡನ್ನು ಸೀಳಿ, ಉತ್ತರವನ್ನು ಎಸ್ಟ್‌ಲ್ಯಾಂಡಿಗೆ ಸೇರಿಸಿ ಅಂತ ಎಸ್ಟೋನಿಯನ್ ಸಂಘಗಳು 1881ರಲ್ಲೇ ಚಕ್ರವರ್ತಿಗೆ ಮನವಿ ಕೊಟ್ಟಿದ್ದವು. ಮನಸೇಯಿನ್ ಕೂಡ ಹಾಗೇ ಸಲಹೆ ಮಾಡಿದ. ಯಾರೂ ಕೇಳಲಿಲ್ಲ. 1917ರ ಮಾರ್ಚ್‌ನಲ್ಲಿ ಝಾರ್ ಇಳಿದ. ಎಸ್ಟೋನಿಯನ್ನರು ಪೆಟ್ರೋಗ್ರಾಡ್‌ನಲ್ಲಿ (ಪೀಟರ್ಸ್‌ಬರ್ಗ್‌ಗೆ ಆಗಿದ್ದ ಹೆಸರು) ದೊಡ್ಡ ಮೆರವಣಿಗೆ ಮಾಡಿದರು, ಸಾವಿರಾರು ಸೈನಿಕರೂ ಅದರಲ್ಲಿದ್ದರು. ಹೊಸ ಲೆಕ್ಕದ ಏಪ್ರಿಲ್ 12ರಂದು ರಷ್ಯಾದ ತಾತ್ಕಾಲಿಕ ಸರ್ಕಾರ ಕಾನೂನು ಮಾಡಿ ಉತ್ತರದ ಜಿಲ್ಲೆಗಳನ್ನು ಎಸ್ಟ್‌ಲ್ಯಾಂಡಿಗೆ ಸೇರಿಸಿತು. ವೆರ್ರೊ ರೀಗಾದಿಂದ ಬಿಡಿಸಿಕೊಂಡದ್ದು ಆಗ. 1918ರ ಫೆಬ್ರವರಿ 24ರಂದು ಎಸ್ಟೋನಿಯಾ, ನವೆಂಬರ್ 18ರಂದು ಲಾಟ್ವಿಯಾ ಸ್ವಾತಂತ್ರ್ಯ ಸಾರಿದವು. ವಾಲ್ಕ್ ಪಟ್ಟಣ ಯಾರದು ಅಂತ ಇಬ್ಬರಿಗೂ ಜಗಳ. ಬ್ರಿಟಿಷ್ ಕರ್ನಲ್ ಟಾಲೆಂಟ್ಸ್ ಮಧ್ಯಸ್ಥಿಕೆ ವಹಿಸಿ 1920ರ ಜುಲೈನಲ್ಲಿ ಊರನ್ನೇ ಎರಡು ಮಾಡಿದ. ಒಂದು ಕಡೆ ವಾಲ್ಗ, ಇನ್ನೊಂದು ಕಡೆ ವಾಲ್ಕ. ಎಸ್ಟೋನಿಯಾ ಅಂದರೆ ಎಸ್ಟ್‌ಲ್ಯಾಂಡ್ ಮತ್ತು ಉತ್ತರ ಲಿವ್‌ಲ್ಯಾಂಡ್, ಇಷ್ಟೇ ಅಂತಲೂ ತಿಳಿಯಬೇಡಿ. ನಾರ್ವಾ ಪೀಟರ್ಸ್‌ಬರ್ಗ್ ಪ್ರಾಂತದಿಂದ ಬಂತು. ವೋರುವಿನ ಪೂರ್ವಕ್ಕಿರುವ ಸೆತು ಜನರ ಸೀಮೆ ಪ್ಸ್ಕೋವ್ ಪ್ರಾಂತದಿಂದ ಬಂತು. ನಿಮ್ಮ ಹೆಂಡತಿಯ ಕಡೆ ಅಲ್ಲಿಯ ನೆಂಟರಿದ್ದರೆ ಅವರ ಕಾಗದಗಳ ದಾರಿಯೇ ಬೇರೆ.

ಈಗ ಏನು ಮಾಡಬೇಕು ಅನ್ನುವುದು. ಸಾಫ್ಟ್‌ವೇರ್ ಒಂದೇ ದೇಶ ಕೇಳಿದರೆ ಎಸ್ಟೋನಿಯಾ ಆರಿಸಿ. 1869ರಲ್ಲಿ ಆ ದೇಶ ಇರಲಿಲ್ಲ, ಇತಿಹಾಸದ ಲೆಕ್ಕದಲ್ಲಿ ಇದು ಪೂರ್ತಿ ಸರಿಯಲ್ಲ. ಆದರೂ ನಕ್ಷೆಯಲ್ಲಿ ಚುಕ್ಕಿ ಸರಿಯಾದ ಜಾಗದಲ್ಲಿ ಬೀಳುತ್ತದೆ. ರಷ್ಯಾ ಆರಿಸಿದರೆ ಮುಂದೆ ಮಗಳೇ ಮುತ್ತಜ್ಜನನ್ನು ಪ್ಸ್ಕೋವ್‌ನ ಆಚೆ ಹುಡುಕುತ್ತಾಳೆ. ಬರೀ 'ಲಿವ್‌ಲ್ಯಾಂಡ್' ಅಂತ ಬರೆದರೆ ಇನ್ನೊಬ್ಬರು ಅದನ್ನು ರೀಗಾ ಮಾಡುತ್ತಾರೆ. ಟಿಪ್ಪಣಿಯ ಜಾಗದಲ್ಲಿ ಪೂರ್ತಿ ಬರೆಯಿರಿ (ಪ್ಯಾರಿಷ್ ಅಂದರೆ ಒಂದು ಚರ್ಚಿಗೆ ಸೇರಿದ ಸೀಮೆ): ರೌಗೆ ಪ್ಯಾರಿಷ್, ವೆರ್ರೊ ಜಿಲ್ಲೆ, ಲಿವ್‌ಲ್ಯಾಂಡ್ ಗುಬೇರ್ನಿಯಾ, ರಷ್ಯನ್ ಸಾಮ್ರಾಜ್ಯ; ಈಗ ವೋರು ಜಿಲ್ಲೆ, ಎಸ್ಟೋನಿಯಾ. ಶಾಲೆಯ ಹಾಳೆಯಲ್ಲಿ ಜಾಗವಿದ್ದರೆ ಅಲ್ಲೂ ಇದೇ. ತಾರೀಖು ಎರಡನ್ನೂ ಬರೆದು, ಯಾವುದು ಹಳೆಯ ಲೆಕ್ಕ, ಯಾವುದು ಹೊಸದು ಅಂತ ನಮೂದಿಸಿ.

ಹುಡುಕಾಟವನ್ನು ಎಸ್ಟೋನಿಯಾದಲ್ಲೇ ಶುರು ಮಾಡಿ. ಚರ್ಚಿನ ಪುಸ್ತಕಗಳು ಎಸ್ಟೋನಿಯಾದ ರಾಷ್ಟ್ರೀಯ ಆರ್ಕೈವ್ಸ್‌ನಲ್ಲಿವೆ, 'ಸಾಗಾ' ಎಂಬ ಅದರ ತಾಣದಲ್ಲಿ ಸ್ಕ್ಯಾನ್ ಮಾಡಿ ಹಾಕಿದ್ದಾರೆ. ಹುಟ್ಟು, ಮದುವೆ, ಸಾವಿನ ಪುಸ್ತಕಗಳಿಗಿಂತ ಮೊದಲು ಪಾದ್ರಿಯ ಕುಟುಂಬ ಪಟ್ಟಿ ನೋಡಿ. ತೋಟ ತೋಟದ ಲೆಕ್ಕದಲ್ಲಿ ಇಡೀ ಮನೆಯವರನ್ನು ಒಂದೇ ಕಡೆ ಬರೆದಿರುತ್ತಾರೆ. ಜೊತೆಗೆ ತಲೆಗಂದಾಯಕ್ಕಾಗಿ ಮಾಡಿದ ಜನಪಟ್ಟಿಗಳಿವೆ. 1826ರದ್ದು ಬಹಳ ಉಪಯೋಗ, ಹೊಸ ಅಡ್ಡಹೆಸರುಗಳು ಅದರಲ್ಲಿ ಕಾಣುತ್ತವೆ. ಕೊನೆಯದು 1858ರದ್ದು. ಕಷ್ಟ ಏನೆಂದರೆ ಹಳೆಯ ಜರ್ಮನ್ ಕೈಬರಹ. ಅಕ್ಷರ ಕಲಿಯಲು ಕೆಲವು ವಾರ ಬೇಕು. ಕಲಿಯದೆ ಊಹೆ ಮಾಡಿ ಓದಿದರೆ ಬೇರೆಯವರ ಮುತ್ತಜ್ಜನನ್ನು ಮನೆಗೆ ತಂದುಕೊಳ್ಳುತ್ತೀರಿ. ಹೆಸರು ಹೊಂದಿದರೆ ಸಾಲದು, ಎಸ್ಟೇಟ್ ಮತ್ತು ತೋಟದ ಹೆಸರೂ ಹೊಂದಬೇಕು.

ಲೂಥರನ್ ಪುಸ್ತಕದಲ್ಲಿ ಒಂದು ಕವಲು ಇದ್ದಕ್ಕಿದ್ದಂತೆ ಮಾಯವಾದರೆ ಸತ್ತರು ಅಂತ ಬರೆಯಬೇಡಿ. 1845ರಿಂದ 1848ರ ನಡುವೆ ಲಿವ್‌ಲ್ಯಾಂಡಿನ ಒಂದು ಲಕ್ಷಕ್ಕೂ ಹೆಚ್ಚು ರೈತರು ಆರ್ಥೊಡಾಕ್ಸ್ ಚರ್ಚಿಗೆ ಸೇರಿದರು. ಚಕ್ರವರ್ತಿಯ ಧರ್ಮಕ್ಕೆ ಸೇರಿದರೆ ಭೂಮಿ ಸಿಗುತ್ತದೆ ಎಂಬ ಸುದ್ದಿ ಹಬ್ಬಿತ್ತು. ಭೂಮಿ ಸಿಗಲಿಲ್ಲ, ವಾಪಸು ಬರಲು ಕಾನೂನು ಬಿಡಲಿಲ್ಲ. ಆ ಕುಟುಂಬಗಳು ಆರ್ಥೊಡಾಕ್ಸ್ ಪುಸ್ತಕಗಳಲ್ಲಿ ಸಿಗುತ್ತವೆ. ಅವು ರಷ್ಯನ್ನಿನಲ್ಲಿರುತ್ತವೆ, ಆಡಳಿತವೆಲ್ಲ ಜರ್ಮನ್ನಿನಲ್ಲಿದ್ದ ಕಾಲದಲ್ಲೂ.

ರೀಗಾಕ್ಕೆ ಈಗಲೇ ಬರೆಯುವ ಅಗತ್ಯವಿಲ್ಲ. ಗವರ್ನರ್ ಕಚೇರಿಯ ಕಡತಗಳು ಅಲ್ಲಿನ ಐತಿಹಾಸಿಕ ಆರ್ಕೈವ್ಸ್‌ನಲ್ಲಿವೆ. ಸಾಮಾನ್ಯ ರೈತನ ಹೆಸರು ಅದರಲ್ಲಿ ಬರಬೇಕಾದರೆ ಅವನು ಅರ್ಜಿ ಕೊಟ್ಟಿರಬೇಕು, ಇಲ್ಲ ಗಲಾಟೆ ಮಾಡಿರಬೇಕು. ಅಂಥ ಸುಳಿವು ಸಿಕ್ಕರೆ ಹೋಗಿ. ಮಾಸ್ಕೋದ ಸೈನ್ಯದ ಆರ್ಕೈವ್ಸ್‌ನಲ್ಲಿ ಅಧಿಕಾರಿಗಳ ಕಡತ ಸಿಗುತ್ತದೆ, ಸಿಪಾಯಿಯದು ಅಪರೂಪ. ಅಲ್ಲಿ ಹುಡುಕಿಸಿಕೊಡುತ್ತೇವೆ ಅಂತ ಮುಂಗಡ ಹಣ ಕೇಳುವವರಿಂದ ದೂರವಿರಿ. ಬಿಡುಗಡೆ ಪತ್ರದಲ್ಲಿ ರೆಜಿಮೆಂಟಿನ ಹೆಸರು ಇದ್ದೇ ಇರುತ್ತದೆ. ಐದು ವರ್ಷ ಎಲ್ಲಿದ್ದರು ಅಂತ ತಿಳಿಯಲು ಆ ರೆಜಿಮೆಂಟ್ 1890ರಿಂದ 1895ರವರೆಗೆ ಯಾವ ಊರಲ್ಲಿ ಬೀಡುಬಿಟ್ಟಿತ್ತು ಅಂತ ನೋಡಿದರೆ ಸಾಕು. ಆ ಕಾಗದದಲ್ಲಿ ಜಿಲ್ಲೆಯ ನಂತರ ಗ್ರಾಮ ಸಮಿತಿಯ ಹೆಸರೂ ಇರುತ್ತದೆ, ರಷ್ಯನ್ ಅಕ್ಷರದಲ್ಲಿ. ನೀವು ಅದನ್ನು ಪ್ರಶ್ನೆಯಲ್ಲಿ ಬರೆದಿಲ್ಲ. ಮೊದಲು ಅದನ್ನು ಓದಿಸಿ. ರೌಗೆ ಪ್ಯಾರಿಷ್‌ನಲ್ಲಿ ಇಂಥ ಸಮಿತಿಗಳು ಹಲವು ಇದ್ದವು, ಯಾವುದು ಅಂತ ಗೊತ್ತಾದರೆ ಕುಟುಂಬ ಪಟ್ಟಿಯ ಯಾವ ಸಂಪುಟ ತೆರೆಯಬೇಕು ಅನ್ನುವುದೂ ಗೊತ್ತಾಗುತ್ತದೆ.